ಕೆಂಚಪ್ಪನ ಮೂರನೇ ಸೀಸನ್

ಜೂಡೋ ಕಾರ್ಟೂನಿನ ಹೊಸ ಸೀಸನ್‌ನ ಮೊದಲ ಕಂತು ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಆಗಲೇ ನಾನು ಮೂಗು ಮುರಿದಾಗಿತ್ತು. ಬಣ್ಣ ಢಾಳು, ಹಾಡು ನಿಧಾನ, ಹಾಡಿನಲ್ಲಿ ಮಿಂಚಿ ಮಾಯವಾದ ನಾಯಕ ಕೆಂಜಿಯ ಮುಖವಂತೂ ಮೇಣ ಬಳಿದಷ್ಟು ನುಣುಪು. ಮೂರು ವರ್ಷ ಕಾಯಿಸಿ ಇದನ್ನೇನು ಕೊಟ್ಟರು ಎಂದು ಬೈಯಬೇಕು ಅನ್ನುವಷ್ಟರಲ್ಲಿ ತೆರೆಯ ಮೇಲೆ ಕೋಚ್ ಬಾಯಿ ತೆರೆದ. ಅಪ್ಪಟ ಹಿಂದಿ!

"ಸರ್‌ಪ್ರೈಸ್!" ಎಂದು ಮಗಳು ಇಂಪನಾ ಚಪ್ಪಾಳೆ ತಟ್ಟಿದಳು. "ಅಜ್ಜಿ, ಈ ಸಲ ಹಿಂದಿಯೊಳಗ ಬಂದದ. ಇನ್ನ ಮಮ್ಮಿ ಹೇಳೂದು ಬ್ಯಾಡ, ನೀನ ತಿಳ್ಕೋಬಹುದು."

ನಾನು ರಿಮೋಟು ಹುಡುಕಿದೆ. ಅದು ಇಂಪನಾಳ ಕೈಯಲ್ಲಿತ್ತು.

ನಮ್ಮ ಅತ್ತೆ ಶಿವಗಂಗವ್ವ ಗೋಕಾಕದ ಕಡೆಯ ಪೈಲ್ವಾನರ ಮಗಳು. ಜೂಡೋ ಎಂದರೆ ಅವರ ಲೆಕ್ಕದಲ್ಲಿ ಅಂಗಿ ಹಾಕಿಕೊಂಡು ಆಡುವ ಕುಸ್ತಿ. ಈ ಜಪಾನಿ ಕಾರ್ಟೂನಿನ ಮೊದಲೆರಡು ಸೀಸನ್‌ಗಳಲ್ಲಿ ಕೆಳಗೆ ಇಂಗ್ಲಿಷ್ ಸಾಲು ಬರುತ್ತಿತ್ತು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಕೆಂಜಿ ನಮ್ಮ ಮನೆಯಲ್ಲಿ ಕೆಂಚಪ್ಪನಾದ. ಎರಡನೇ ಸೀಸನ್‌ನ ಕೊನೆಗೆ ಅವನ ಮೊಣಕಾಲು ಮುರಿಯಿತು. ಡಾಕ್ಟರು ಕೋಚನ್ನು ಪಕ್ಕಕ್ಕೆ ಕರೆದು, ಆಪರೇಶನ್ ಮಾಡಿದರೂ ಈ ಹುಡುಗ ಇನ್ನು ಅಖಾಡಕ್ಕೆ ಇಳಿಯಲಾರ, ಸದ್ಯ ಅವನಿಗೆ ಹೇಳಬೇಡಿ ಅಂದರು. ಆಗ ಅತ್ತೆಯ ಎಡ ಮೊಣಕಾಲಿನ ಆಪರೇಶನ್‌ಗೆ ಎಂಟೇ ದಿನ ಉಳಿದಿತ್ತು. ಬೇಡವೇ ಬೇಡ ಎಂದು ಪಟ್ಟು ಹಿಡಿದು ಕೂತಿದ್ದರು.

"ಆಪರೇಶನ್ ಆಗಿ ಆರು ತಿಂಗಳಿಗೆ ಮತ್ತ ಆಡ್ತಾನಂತ್ರಿ," ಎಂದು ನಾನು ಹೇಳಿಬಿಟ್ಟೆ.

ಮರುದಿನ ಬೆಳಿಗ್ಗೆ ಅವರೇ ಬಂದು, ಕೆಂಚಪ್ಪ ಹೂಂ ಅಂದಮೇಲೆ ನಾನೇನು ಕಡಿಮೆ ಅಂದರು. ಆಪರೇಶನ್ ಚೆನ್ನಾಗಿಯೇ ಆಯಿತು. ಆ ಸುಳ್ಳಿನ ಬಗ್ಗೆ ನನಗೆ ಜಂಬವೂ ಇತ್ತು, ಮುಚ್ಚಿಡುವುದೇಕೆ.

ಈಗ ಬಲ ಮೊಣಕಾಲು. ಇಂದು ಶನಿವಾರ, ಸೋಮವಾರ ಆಪರೇಶನ್. ನಾವಿರುವ ಪುಣೆಯ ಈ ಡಾಕ್ಟರು ಮರಾಠಿಯವರೇ, ಅತ್ತೆಗೂ ಮರಾಠಿ ಬರುತ್ತದೆ, ಆದರೆ ರಿಪೋರ್ಟು ಕೈಗೆ ಬಂದ ಕೂಡಲೇ ಇಂಗ್ಲಿಷಿಗೆ ಹೊರಳಿ ನನ್ನ ಮುಖ ನೋಡುತ್ತಾರೆ. ಗುರುವಾರವೂ ಹಾಗೇ ಆಯಿತು. ಹೃದಯ ಬಲ ಕಳೆದುಕೊಂಡಿದೆ, ಈ ಸಲ ಅಪಾಯ ಸಣ್ಣದಲ್ಲ, ಮಾಡಿಸಲೇಬೇಕು ಅಂತಿಲ್ಲ, ನಿಮ್ಮ ಅತ್ತೆಯನ್ನೇ ಕೇಳಿ ಹೇಳಿ ಅಂದರು. ಹೊರಗೆ ಬಂದು ನಾನು ಅತ್ತೆಗೆ ಹೇಳಿದ್ದು ಎರಡೇ ಮಾತು: "ಹೋದ ಸಲದಂಗ ಅಂತ್ರಿ. ಚಿಂತಿ ಬ್ಯಾಡ ಅಂದ್ರು." ನನ್ನ ಗಂಡ ಬಸವಪ್ರಭು ಕೂಡ ಅದಕ್ಕೆ ಒಪ್ಪಿದ್ದರು. ಹೃದಯದ ಮಾತು ಎತ್ತಿದರೆ ಅತ್ತೆ ಒಲ್ಲೆ ಅನ್ನುತ್ತಾರೆ, ಆಪರೇಶನ್ ಆಗದಿದ್ದರೆ ವರ್ಷದೊಳಗೆ ಹಾಸಿಗೆ ಹಿಡಿಯುತ್ತಾರೆ ಎಂಬುದು ನಮ್ಮಿಬ್ಬರ ಲೆಕ್ಕ. ಹಳೆಯ ಸುಳ್ಳು ಇವತ್ತು ಸಿಕ್ಕಿಬಿದ್ದರೆ ಹೊಸದು ಎಷ್ಟು ಹೊತ್ತು ನಿಂತೀತು?

"ಇಂಪನಾ, ಜಪಾನಿಗೇ ಹಾಕು. ಈ ಹಿಂದಿ ಕೇಳಾಕ ಆಗವಲ್ದು," ಎಂದೆ. ಅದು ನಿಜವೂ ಹೌದು. ಕೋಚ್ ಸೀರೆ ಅಂಗಡಿಯ ಜಾಹೀರಾತು ಓದಿದ ಹಾಗೆ ಮಾತಾಡುತ್ತಿದ್ದ.

"ಇರ್ಲಿ ಬಿಡು. ಭಾಳ ಛಲೋ ತಿಳೀತದ," ಅಂದರು ಅತ್ತೆ. ಮೂವತ್ತು ವರ್ಷ ಪುಣೆಯಲ್ಲಿದ್ದು ಹಿಂದಿ ಸೀರಿಯಲ್ ನೋಡಿದವರು, ತಿಳಿಯದೆ ಏನು.

ಹೊಸ ಹುಡುಗರು ಬಂದರು, ಬಿದ್ದರು, ಎದ್ದರು. ಅತ್ತೆ ಅವರ ಕಾಲಿನ ನಿಲುವಿಗೆ ತಪ್ಪು ಹುಡುಕುತ್ತ, "ಕೆಂಚಪ್ಪ ಯಾವಾಗ ಬರ್ತಾನ?" ಎಂದು ಎರಡು ಸಲ ಕೇಳಿದರು.

ಬಂದ. ಕೈಯಲ್ಲಿ ಒರೆಸುವ ಬಟ್ಟೆ, ಕುಂಟುವ ಕಾಲು. ಮಂಡಿ ಬಗ್ಗಿಸಲಾಗದೆ ಕಾಲು ಚಾಚಿ ಕೂತು ಮ್ಯಾಟು ಒರೆಸತೊಡಗಿದ.

"ಅತ್ಯಾರ, ಚಹಾ ಮಾಡ್ಲೇನ್ರಿ?"

"ಸುಮ್ನ ಕೂಡು."

ಕೋಚ್ ಅವನ ಹತ್ತಿರ ಬಂದ. ಕೆಂಜಿ ತಲೆ ಎತ್ತದೆಯೇ ಹೇಳಿದ: ಆಪರೇಶನ್ ದಿನವೇ ನಿಮಗೆಲ್ಲ ಗೊತ್ತಿತ್ತು. ಕಾಲು ನನ್ನದು. ನನಗೊಬ್ಬನಿಗೆ ಯಾರೂ ಹೇಳಲಿಲ್ಲ.

ಅತ್ತೆ ಕೈ ಎತ್ತಿದರು. ಇಂಪನಾ ನಿಲ್ಲಿಸಿದಳು.

"ಆರು ತಿಂಗಳಿಗೆ ಆಡ್ತಾನ ಅಂದಿದ್ದಿ."

"ಹೌದ್ರಿ."

"ಅಲ್ಲಿ ಹಂಗ ಬರದಿತ್ತೇನು?"

"ಇಲ್ರಿ."

ಅವರು ಕೂಗಾಡಲಿ ಎಂದು ಕಾದೆ. ಅವರ ದನಿಗೆ ಕೆಳಗಿನ ಮನೆಯವರು ಕಿಟಕಿ ಹಾಕಿಕೊಂಡದ್ದೂ ಉಂಟು. ಈ ಸಲ ದನಿ ಏರಲೇ ಇಲ್ಲ.

"ಮೊನ್ನೆ ಡಾಕ್ಟರು ಅಷ್ಟೊತ್ತು ಇಂಗ್ಲಿಷಿನ್ಯಾಗ ಮಾತಾಡಿದ್ರು. ನೀ ಎರಡ ಮಾತು ಹೇಳಿದಿ. ಉಳಿದದ್ದು ಹೇಳು."

"ಇಂಪನಾ, ನೀ ಒಳಗ ಹೋಗು."

"ಆಕಿನೂ ಇರ್ಲಿ. ಹೇಳು ನೀತಾ."

ಹೇಳಿದೆ. ಹೃದಯದ ಮಾತು, ಅಪಾಯದ ಮಾತು, ಮಾಡಿಸಲೇಬೇಕು ಅಂತಿಲ್ಲ ಎಂಬ ಮಾತು. ಕೊನೆಗೆ, ಅವರನ್ನೇ ಕೇಳಿ ಅಂದದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಮಾತ್ರ ಅಳು ಬಂತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

"ನಿಮ್ಮ ಸಲುವಾಗಿನ ಹಂಗ ಹೇಳಿದ್ನಿರಿ, ಅತ್ಯಾರ."

"ಗೊತ್ತದ," ಅಂದರು. ಬಲ ಮೊಣಕಾಲನ್ನು ನಿಧಾನವಾಗಿ ತಿಕ್ಕಿಕೊಂಡರು. "ಸೋಮವಾರ ಹೋಗೂಣು. ಮಾಡಿಸ್ಕೊಳ್ಳೂದೋ ಬಿಡೂದೋ ಅಲ್ಲೇ ಹೇಳ್ತೀನಿ. ನಾ ಮರಾಠಿಯೊಳಗ ಕೇಳ್ತೀನಿ, ಅವರು ಮರಾಠಿಯೊಳಗ ಹೇಳ್ಲಿ. ನೀ ಹೊರಗ ಕೂಡು."

"ನಾನೂ ಒಳಗ ಬರ್ತೀನ್ರಿ, ಬಾಯಿ ತೆಗಿಯೂದಿಲ್ಲ."

"ಟಿವಿ ಹಚ್ಚವಾ," ಎಂದು ಅವರು ಇಂಪನಾಳಿಗೆ ಹೇಳಿದರು.

ಕಂತು ಮುಂದುವರಿಯಿತು. ನಡುವೆ ಕೋಚ್ ಯಾವುದೋ ಗಡಸು ಹಿಂದಿ ಶಬ್ದ ಅಂದ. ಅತ್ತೆಗೆ ತಿಳಿಯಲಿಲ್ಲವೆಂದು ಅವರ ಹುಬ್ಬು ನೋಡಿಯೇ ನನಗೆ ಗೊತ್ತಾಯಿತು. ಅರ್ಥ ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡದೆ ಇಂಪನಾಳತ್ತ ಬಾಗಿ, ಹಂಗಂದ್ರೇನು ಎಂದು ಕೇಳಿದರು.