ಶುಕ್ರವಾರ ಹೊಸಿಲು ದಾಟಿದ ಡಿಸ್ಕು

ಶನಿವಾರ ಬೆಳಗ್ಗೆ ಆಫೀಸಿನ ಬೀಗ ತೆಗೆದು ಸರ್ವರಿನ ಪರದೆ ನೋಡಿದಾಗ ಭುವನಾಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಕೆಂಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು: ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬಿಚ್ಚಬೇಕಿದ್ದರೆ ದುಡ್ಡು ಕಳಿಸಿ. ಇಂಥದ್ದೊಂದು ದಿನ ಬಂದೇ ಬರುತ್ತದೆ ಎಂದು ಅವಳು ಮನೆಯವರ ಮುಂದೆ ಬಾಯಿ ಬಡಿದುಕೊಂಡಿದ್ದಳು. ಗೋಡೆಗೆ ಹೇಳಿದ್ದರೂ ಇದಕ್ಕಿಂತ ಫಲ ಸಿಗುತ್ತಿತ್ತೇನೋ.

ಮಧುಗಿರಿಯ ಹೊರಗೆ ಮಾವ ಚನ್ನಮಲ್ಲಯ್ಯನವರು ಕಟ್ಟಿಸಿದ ಕೋಲ್ಡ್ ಸ್ಟೋರೇಜು ಅದು. ಶಿರಾ, ಕೊರಟಗೆರೆ, ಪಾವಗಡದ ಕಡೆಯ ರೈತರು ಬೀಜ ಬಿಡಿಸಿದ ಹುಣಸೆಹಣ್ಣನ್ನು ಕಪ್ಪಾಗದಂತೆ ಅಲ್ಲಿಟ್ಟು, ಒಳ್ಳೆಯ ರೇಟು ಬಂದಾಗ ಒಯ್ಯುತ್ತಾರೆ. ಮೂಟೆಗಳೆಲ್ಲ ನೋಡಲು ಒಂದೇ ಥರ. ರೈತನ ಕೈಲಿರುವ ಚೀಟಿಯಲ್ಲಿ ಬರೀ ಒಂದು ನಂಬರು. ಆ ನಂಬರಿನ ಮೂಟೆ ಯಾವ ಕೋಣೆಯ ಯಾವ ಸಾಲಿನಲ್ಲಿದೆ, ಎಂಥ ಹಣ್ಣು ಎಂಬುದೆಲ್ಲ ಸರ್ವರಿನಲ್ಲಿ. ಮಾವನ ಕಾಲದ ಪುಸ್ತಕಗಳನ್ನು ಬಿಡಿಸಿ ಈ ಪದ್ಧತಿ ತಂದವಳು ಭುವನಾಳೇ. ಹಾಗಾಗಿ ದೂರು ಯಾರ ತಲೆಗೆ ಬರುತ್ತದೆ ಎಂದು ಶಾಸ್ತ್ರ ಕೇಳಬೇಕಿರಲಿಲ್ಲ.

"ಬೀಗ ಹಾಕೇ ಇತ್ತಲ್ಲೇ, ಯಾರು ಬಂದ್ರು ಒಳಗೆ?" ಎಂದ ಗಂಡ ಪರಮೇಶ್.

"ಇಂಟರ್‌ನೆಟ್ಟಲ್ಲಿ ನೀವೇ ಬಾಗಿಲು ತೆಗೆಸಿದ್ರಿ. ಆಡಿಟರು ತುಮಕೂರಿಂದಾನೇ ಲೆಕ್ಕ ನೋಡ್ಲಿ ಅಂತ."

ಆ ಬಾಗಿಲಿಗೂ ಪಾಸ್‌ವರ್ಡ್ ಇತ್ತು, ಇಲ್ಲವೆಂದಲ್ಲ. ಮನೆದೇವರು ವೀರಭದ್ರನ ಹೆಸರು, ಮುಂದೆ ಒಂದು ಎರಡು ಮೂರು. ಯಾರ ಮನೆಗೆ ಯಾವ ದೇವರೆಂದು ತಿಳಿಯದೆ ಹೆಣ್ಣು ಕೊಡದ ಊರಿನಲ್ಲಿ ಅದು ಯಾವ ಗುಟ್ಟು? ಗುಡಿಯ ಮುಂದೆ ಹೂವು ಮಾರುವವಳಿಗೂ ಗೊತ್ತು. ಬದಲಾಯಿಸೋಣ ಎಂದಾಗ ಮಾವ, "ದೇವರ ಹೆಸರು ತೆಗೆದು ಇನ್ನೇನು ಹಾಕ್ತೀಯಮ್ಮ?" ಎಂದು ಕೇಳಿ ಪೇಪರು ಬಿಡಿಸಿದ್ದರು. ಯಾವುದೋ ದೇಶದ ಕಳ್ಳನ ಯಂತ್ರಕ್ಕೆ ದೇವರ ಮೇಲೆ ಭಕ್ತಿಯೂ ಇಲ್ಲ, ಬೇಸರವೂ ಇಲ್ಲ. ಹೆಸರಿನ ಮೇಲೆ ಹೆಸರು ತಿರುವುತ್ತಾ ಹೋಗಿ ಕೊನೆಗೆ ಒಳಗೆ ಬಂದಿತ್ತು.

"ನಕಲು ಇಟ್ಟಿರ್ತೀಯಲ್ಲ, ಆ ಕಪ್ಪು ಡಿಸ್ಕು?" ಎಂದ ಪರಮೇಶ್.

ಭುವನಾ ಬೆರಳು ತೋರಿಸಿದಳು. ಕಪ್ಪು ಡಿಸ್ಕು ಸರ್ವರಿಗೇ ಅಂಟಿಕೊಂಡು, ನೆತ್ತಿಗೆ ಕುಂಕುಮ ಇಡಿಸಿಕೊಂಡು ಕೂತಿತ್ತು. ಸರ್ವರಿಗೆ ಬಿದ್ದ ಬೀಗವೇ ಅದಕ್ಕೂ ಬಿದ್ದಿತ್ತು.

ನಕಲು ಯಂತ್ರದ ಪಕ್ಕದಲ್ಲಿರಬಾರದು, ಬೇರೆ ಊರಿನಲ್ಲಿರಬೇಕು ಎಂದು ಅವಳು ಎಂದೋ ಹೇಳಿದ್ದಳು. ಗುಮಾಸ್ತ ಗೋಪಾಲ್ ವಾರಕ್ಕೊಮ್ಮೆ ಶುಕ್ರವಾರ ಸಂಜೆ ತನ್ನೂರು ಹೊಳವನಹಳ್ಳಿಗೆ ಹೋಗಿ ಮರುದಿನ ಬರುವವನು. ಅವಳ ತವರೂ ಅಲ್ಲೇ. ಅವನ ಕೈಲಿ ಕಳಿಸಿದರೆ ಅಮ್ಮ ಬೀರುವಿನಲ್ಲಿಟ್ಟುಕೊಳ್ಳುತ್ತಾಳೆ ಎಂದಿದ್ದಳು. ಅದಕ್ಕೆ ಅತ್ತೆ ಕಮಲಾಕ್ಷಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಶುಕ್ರವಾರ ಒಂದು ಲೋಟ ಮೊಸರನ್ನೇ ಆಚೆ ಕೊಡಲ್ಲ ನಾವು. ವ್ಯಾಪಾರದ ಲೆಕ್ಕ ಅಂದ್ರೆ ಲಕ್ಷ್ಮಿ ಕಣಮ್ಮ. ಅದನ್ನ ಶುಕ್ರವಾರ ಹೊಸಿಲು ದಾಟಿಸ್ತೀಯ, ಅದೂ ನಿನ್ನ ತವರಿಗೆ?"

ಬೇರೆ ದಿನ ನೋಡೋಣವೆಂದರೆ ಮಂಗಳವಾರವೂ ಆಗದು, ಸೋಮವಾರ ಶಿವನದು, ನಡುವೆ ಅಮಾವಾಸ್ಯೆ ಬೇರೆ. ವಾರದಲ್ಲಿ ಉಳಿದ ದಿನಗಳಿಗೂ ಅತ್ತೆ ಒಂದೊಂದು ಕಾರಣ ಹುಡುಕಿಟ್ಟರು. ಕಡೆಗೆ ಡಿಸ್ಕು ಇದ್ದಲ್ಲೇ ಉಳಿಯಿತು.

ಭುವನಾ ಹೊರಗೆ ಹೂಂ ಅಂದಳು. ಆಮೇಲೆ ಅಂಥದ್ದೇ ಇನ್ನೆರಡು ಡಿಸ್ಕು ಕೊಂಡು, ಪ್ರತಿ ಶುಕ್ರವಾರ ಮಧ್ಯಾಹ್ನ ನಕಲು ತೆಗೆದು, ಒಂದನ್ನು ಗೋಪಾಲನ ಊಟದ ಚೀಲದಲ್ಲಿಟ್ಟು ತವರಿಗೆ ಕಳಿಸಿ, ಅಲ್ಲಿದ್ದ ಹಳೆಯದನ್ನು ತರಿಸುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ. ನಿನ್ನೆಯ ನಕಲು ಈಗ ಹೊಳವನಹಳ್ಳಿಯ ಬೀರುವಿನಲ್ಲಿ ಸೀರೆಗಳ ನಡುವೆ ಸುಖವಾಗಿತ್ತು. ತರಿಸಿದರೆ ಸ್ಟೋರೇಜು ಉಳಿಯುತ್ತದೆ. ಆದರೆ ಮನೆಯ ಲಕ್ಷ್ಮಿಯನ್ನು ಕದ್ದು ತವರಿಗೆ ಸಾಗಿಸಿದ ಸೊಸೆ ಎಂಬ ಹೆಸರು ಅವಳು ಸಾಯುವವರೆಗೂ ಉಳಿಯುತ್ತದೆ. ತಪ್ಪು ಮಾಡಿದವರೆಲ್ಲ ನೆಮ್ಮದಿಯಾಗಿ ನಿಂತಿರುವಾಗ ಸರಿ ಮಾಡಿದವಳೇ ಕಳ್ಳಿಯ ಹಾಗೆ ಬೆವರಬೇಕಿತ್ತು.

ಅಷ್ಟರಲ್ಲಿ ಮಾವನೂ ಅತ್ತೆಯೂ ಬಂದರು. "ನನ್ನ ಪುಸ್ತಕಕ್ಕೆ ಯಾವ ಕಳ್ಳ ಬೀಗ ಹಾಕಿದ್ದ?" ಎಂದರು ಮಾವ. ಅದಕ್ಕೆ ಇಲಿ ಬಿದ್ದಿತ್ತು ಎಂಬ ಮಾತು ಭುವನಾಳ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು.

ಗೇಟಿನ ಹತ್ತಿರ ಲಾರಿ ನಿಂತಿತ್ತು. ಕ್ಯಾತಗಾನಚೆರ್ಲಿನ ರೈತ ಕ್ಯಾತಣ್ಣ ಚೀಟಿ ಹಿಡಿದು ಒಳಗೆ ಬಂದ. "ಅಮ್ಮಾ, ನನ್ನ ಮೂಟೆ ತೆಗೆಸ್ಕೊಡಿ. ಇವತ್ತೇ ಹಿಂದೂಪುರಕ್ಕೆ ಹಾಕ್ಬೇಕು, ರೇಟು ಬಂದೈತೆ."

ಪರಮೇಶ್ ಹೆಂಡತಿಯ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ, "ಎರಡನೇ ಕೋಣೇಲಿ ಯಾವುದೋ ಒಂದು ಸಾಲು ಕೊಟ್ಟು ಕಳಿಸೋಣ. ಹುಣಸೆಹಣ್ಣು ಎಲ್ಲಾ ಒಂದೇ ತಾನೆ" ಎಂದ.

ಆ ಮಾತು ಕ್ಯಾತಣ್ಣನ ಕಿವಿಗೆ ಬಿತ್ತು. "ಅದೆಂಗೆ ಒಂದೇ ಆಯ್ತದೆ ಸ್ವಾಮಿ? ನಮ್ಮನೆ ಹೆಂಗಸ್ರು ಕೈ ಸಿಗಿಯೋ ಹಂಗೆ ನಾರು ತೆಗೆದವ್ರೆ. ಕಂಡೋರ ಕರೀ ಹಣ್ಣು ನನ್ಗೆ ಬ್ಯಾಡ, ನನ್ನದು ಕಂಡೋರಿಗೆ ಕೊಡಾಕಿಲ್ಲ."

ಭುವನಾಗೆ ಅಲ್ಲಿಗೆ ಸಾಕಾಯಿತು. ಇಂದು ಒಬ್ಬನ ಮೂಟೆ ಇನ್ನೊಬ್ಬನಿಗೆ ಹೋದರೆ ನಾಳೆ ಮೂರು ತಾಲ್ಲೂಕಿನಿಂದ ಜನ ಬಂದು ಗೇಟು ಮುರಿಯುತ್ತಾರೆ. ಅವಳು ಫೋನು ತೆಗೆದು ಎಲ್ಲರ ಎದುರಿಗೇ ಮಾತಾಡಿದಳು. "ಗೋಪಾಲ್, ಬಸ್ಸಿಗೆ ಕಾಯ್ಬೇಡ. ಯಾರ್ದಾದ್ರೂ ಬೈಕ್ ಇಸ್ಕೊ. ನಮ್ಮಮ್ಮನ ಹತ್ರ ನಿನ್ನೆ ಕೊಟ್ಟ ಡಿಸ್ಕು ಇಸ್ಕೊಂಡು ಬಾ."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಬೈದಿದ್ದರೆ ಭುವನಾಗೆ ಹಗುರವಾಗುತ್ತಿತ್ತು.

ಮಧ್ಯಾಹ್ನದವರೆಗೂ ಅವಳು ತಲೆಯೆತ್ತಲಿಲ್ಲ. ಇಂಟರ್‌ನೆಟ್ಟಿನ ವೈರು ಕಿತ್ತಳು. ಸರ್ವರನ್ನು ಪೂರಾ ಅಳಿಸಿ ಹೊಸದಾಗಿ ಸಜ್ಜು ಮಾಡಿದಳು. ಆಡಿಟರ ಬಾಗಿಲು ಮುಚ್ಚಿ, ಯಾರನ್ನೂ ಕೇಳದೆ ಯಾವ ದೇವರಿಗೂ ಸೇರದ ಪಾಸ್‌ವರ್ಡ್ ಹಾಕಿದಳು. ಗೋಪಾಲ್ ತಂದ ಡಿಸ್ಕಿನಿಂದ ಹೆಸರುಗಳು ಒಂದೊಂದಾಗಿ ವಾಪಸು ಬಂದವು. ಕ್ಯಾತಣ್ಣನ ಮೂಟೆಗಳು ಇದ್ದದ್ದು ಮೂರನೇ ಕೋಣೆಯಲ್ಲಿ. ಅವನು ಒಂದು ಮೂಟೆ ಬಿಚ್ಚಿಸಿ, ಹಣ್ಣು ಮೂಸಿ, "ನಮ್ದೇ ಕಣಮ್ಮ" ಎಂದು ಲಾರಿ ಹತ್ತಿದ.

ಲಾರಿ ಹೋದ ಮೇಲೆ ಅತ್ತೆ ಬಾಯಿ ಬಿಟ್ಟರು. "ಎಷ್ಟು ಶುಕ್ರವಾರ ಕಳಿಸಿದ್ದೆ?"

ಲೆಕ್ಕ ಉಳಿದದ್ದು ಹೇಗೆ ಎಂದು ಕೇಳಲಿಲ್ಲ, ಹೋಗಿದ್ದರೆ ಏನಾಗುತ್ತಿತ್ತು ಎಂದೂ ಕೇಳಲಿಲ್ಲ. ಭುವನಾ ಗಂಡನ ಕಡೆ ನೋಡಿದಳು. ಪರಮೇಶ್ ಫೋನಿನಲ್ಲಿ ಮುಳುಗಿದ್ದ.

"ಹುಣಸೆ ಸುಗ್ಗಿಯಿಂದ ಒಂದೂ ಬಿಟ್ಟಿಲ್ಲ ಅತ್ತೆ."

"ಈ ಆಫೀಸಿನ ಬೀಗದ ಕೈ ಕೊಡು. ಆ ಡಿಸ್ಕೂ ಕೊಡು."

ಅವಳು ಬೀಗದ ಕೈ ಕೊಟ್ಟಳು. ಡಿಸ್ಕನ್ನು ವೈರಿನಿಂದ ಬಿಡಿಸಿ ಕೈಯಲ್ಲೇ ಹಿಡಿದುಕೊಂಡಳು. "ಬೀಗದ ಕೈ ನಿಮ್ಮದು ಅತ್ತೆ, ಇಟ್ಕೊಳ್ಳಿ. ಇದರಲ್ಲಿರೋ ಲಕ್ಷ್ಮಿ ನಮ್ಮದಲ್ಲ. ಕ್ಯಾತಣ್ಣನಂಥವರದು, ನಮ್ಮನ್ನ ನಂಬಿ ಬಿಟ್ಟು ಹೋಗಿರೋದು. ಅದನ್ನ ಕೂಡಿ ಹಾಕೋಕೆ ನಾವು ಯಾರು?"

ಹೇಳಿ ಡಿಸ್ಕನ್ನು ಗೋಪಾಲನ ಕೈಗಿಟ್ಟು, ವಾಪಸು ಹೊಳವನಹಳ್ಳಿಗೆ ಕೊಟ್ಟು ಬಾ ಎಂದಳು. ಗೋಪಾಲ್ ಅಲ್ಲಾಡಲಿಲ್ಲ. ಅವನು ಯಜಮಾನರ ಮುಖ ನೋಡಿದ, ಅಮ್ಮನವರ ಮುಖ ನೋಡಿದ. ಕಮಲಾಕ್ಷಮ್ಮ ಗಂಡ ಏನಾದರೂ ಹೇಳಲೆಂದು ಕಾದರು.

ಚನ್ನಮಲ್ಲಯ್ಯನವರು ಖಾಲಿ ಗೇಟಿನ ಕಡೆ ನೋಡಿ, "ಹೊತ್ತಾಯ್ತು, ಹೋಗ್ಲಾ ಗೋಪಾಲ" ಎಂದರು.

ಗೋಪಾಲ್ ಹೊರಟ. ಬೀಗದ ಕೈ ಮಾತ್ರ ಅತ್ತೆಯ ಸೆರಗಿನ ಗಂಟು ಸೇರಿತು. ಸೋಮವಾರ ಆಫೀಸು ತೆಗೆಯಬೇಕಾದರೆ ಭುವನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕು, ಅವರು ಮನಸ್ಸು ಬಂದಾಗ ಗಂಟು ಬಿಚ್ಚಬೇಕು.