ಮಾವನ ಟೋಪಿ ಬಿಸಿನೀರಿಗೆ ಹೋಗಿ ಬಂದದ್ದು

ಆ ಭಾನುವಾರ ಬೆಳಿಗ್ಗೆ ಹೊಳೆಯ ಮೇಲಿನ ಮಂಜು ದಡ ಹತ್ತಿ, ಬೀದಿಗೆ ಬಂದು, ಕೇಳದೆ ಕರೆಯದೆ ಮನೆಯ ಹೊಸ್ತಿಲವರೆಗೂ ಬಂದು ನಿಂತಿತ್ತು. ಅದರ ಹಿಂದೆಯೇ ಗಾಳಿ. ಗಾಳಿಯನ್ನು ಸೃಷ್ಟಿಸಿದ ದೇವರು ಮರಗಳನ್ನು ಕೇಳಿದನೋ, ಹಕ್ಕಿಗಳನ್ನು ಕೇಳಿದನೋ ಗೊತ್ತಿಲ್ಲ. ಆ ಮನೆಯ ಮಾವನ ಕಿವಿಗಳನ್ನಂತೂ ಕೇಳಿರಲಿಲ್ಲ.

ಮಾವ ದೋಣಿ ನಡೆಸುವವನು. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುತ್ತಲೇ ತಲೆಯ ಕೂದಲನ್ನೆಲ್ಲ ಹೊಳೆಗೆ ಒಪ್ಪಿಸಿದ್ದ. ಚಳಿಗಾಲದ ಮೊದಲಲ್ಲಿ ಎರಡೂ ಕಿವಿ ನೋವೆದ್ದು ಮಲಗಿದ. ಈಗ ವಾಸಿಯಾಗಿದೆ, ಆದರೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಕಿವಿಗೆ ಗಾಳಿ ಸೋಕಬಾರದು. ಸೋಮವಾರ ಅವನು ದೋಣಿಗೆ ಮರಳಬೇಕು. ಇಲ್ಲವಾದರೆ ಚೀಟಿ ಹರಿಯುವ ಕಿಟಕಿಯ ಹಿಂದೆ ಕೂರಿಸುತ್ತಾರೆ, ದೋಣಿ ಬೇರೆಯವರ ಕೈಗೆ ಹೋಗುತ್ತದೆ.

“ಕಿಟಕಿ ಹಿಂದೆ ಕೂತ್ಕೊಳ್ಳೋಕೆ ನಾನೇನು ಗಿಳೀನಾ?” ಎಂದು ಮಾವ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ.

“ಗಿಳಿಗೆ ತಲೆ ಮೇಲೆ ಪುಕ್ಕ ಇರತ್ತೆ,” ಎನ್ನುತ್ತಿದ್ದಳು ಅತ್ತೆ. “ಗಾಳಿ ತೂರದ ಟೋಪಿ ಸಿಕ್ಕೋವರೆಗೂ ನೀವು ದೋಣಿ ಮುಟ್ಟೋ ಹಾಗಿಲ್ಲ.”

ಗಾಳಿ ತೂರದ ಟೋಪಿಯನ್ನು ಮಾಡುತ್ತೇನೆಂದು ಮಾತು ಕೊಟ್ಟವಳು ಸೊಸೆ. ಆ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಉಣ್ಣೆಯಲ್ಲಿ ದೊಡ್ಡದಾಗಿ, ಸಡಿಲವಾಗಿ ಹೆಣೆದು, ಸೋಪು ಹಾಕಿ ಬಿಸಿನೀರಲ್ಲಿ ಚೆನ್ನಾಗಿ ಕುಲುಕಿದರೆ ಹೆಣಿಗೆಯೆಲ್ಲ ಕುಗ್ಗಿ, ಕುಣಿಕೆಗಳು ಒಂದಕ್ಕೊಂದು ಅಂಟಿ ಕಂಬಳಿಯಂಥ ದಪ್ಪ ಫೆಲ್ಟ್ ಆಗುತ್ತದೆ. ಅದರೊಳಗೆ ಗಾಳಿಯಿರಲಿ, ಗಾಳಿಸುದ್ದಿಯೂ ತೂರುವುದಿಲ್ಲ ಎಂದು ಅವಳು ಎಲ್ಲೋ ಕಲಿತಿದ್ದಳು. ಅವಳ ಹತ್ತಿರ ಇದ್ದದ್ದು ಫೆಲ್ಟ್ ಚೀಲದ ಮಾದರಿ. ಚೀಲವನ್ನು ಬೋರಲು ಹಾಕಿ, ಹಿಡಿಗಳನ್ನು ಬಿಟ್ಟು, ತಳದ ಕಡೆ ಕುಣಿಕೆ ಕಡಿಮೆ ಮಾಡುತ್ತ ಹೋದರೆ ಟೋಪಿಯಲ್ಲದೆ ಇನ್ನೇನು?

ಮೊದಲು ಅಂಗೈಯಗಲದ ತುಣುಕು ಹೆಣೆದು ಬಿಸಿನೀರಿಗೆ ಹಾಕಿ ನೋಡಿದಳು. ಅದು ಹೋದ ಹಾಗೇ ಬಂತು, ಕೆರೆಯಲ್ಲಿ ಮಿಂದೆದ್ದ ಎಮ್ಮೆಯ ಹಾಗೆ. ಅಂಗಡಿಯವನು “ಎಷ್ಟು ಒಗೆದ್ರೂ ಕುಗ್ಗಲ್ಲ, ಗ್ಯಾರಂಟಿ” ಎಂದು ಹೆಮ್ಮೆಯಿಂದ ಕೊಟ್ಟ ಉಣ್ಣೆ ಅದು. ಆ ಗ್ಯಾರಂಟಿಯೇ ರೋಗ ಎಂದು ತಿಳಿದು, ಅದನ್ನು ಹಿಂದಿರುಗಿಸಿ, ಕುರಿಯ ಮೈಮೇಲಿಂದ ಆಗಷ್ಟೇ ಇಳಿದಂತಿದ್ದ ಒರಟು ಬೂದು ಉಣ್ಣೆ ತಂದಳು. ಅದರ ತುಣುಕು ಚೆನ್ನಾಗಿ ಕುಗ್ಗಿತು. ಅಗಲಕ್ಕಿಂತ ಉದ್ದ ಜಾಸ್ತಿ ಕುಗ್ಗಿತು. ಸರಿ, ಸಾಲುಗಳನ್ನು ಇನ್ನಷ್ಟು ಏರಿಸಿದಳು. ಟೇಪು ಹಿಡಿದು ಮಾವನ ತಲೆ ಅಳೆದಳು, ಲೆಕ್ಕ ಹಾಕಿದಳು, ದಪ್ಪ ಕಡ್ಡಿಗಳಲ್ಲಿ ತಂದ ಉಣ್ಣೆಯೆಲ್ಲ ಮುಗಿಯುವವರೆಗೂ ಹೆಣೆದಳು. ಕೊನೆಗೆ ಸಿದ್ಧವಾದದ್ದು ಮಾವನೊಬ್ಬನೇ ಅಲ್ಲ, ಮಾವ ಮತ್ತು ಇಬ್ಬರು ಪ್ರಯಾಣಿಕರು ಒಟ್ಟಿಗೆ ತಲೆ ತೂರಿಸಬಹುದಾದ ಟೋಪಿ.

ಅತ್ತೆ ಅದನ್ನು ನೋಡಿದಳು. ಎರಡೂ ಕೈಯಲ್ಲಿ ಎತ್ತಿ, ಅತ್ತಿತ್ತ ತಿರುಗಿಸಿದಳು.

“ತೊಳೆದ ಮೇಲೆ ಸರಿಹೋಗತ್ತೆ ಅತ್ತೆ,” ಎಂದಳು ಸೊಸೆ.

ಕೆಟ್ಟದಾಗಿ ಹೆಣೆದವರೆಲ್ಲ ಹೇಳುವ ಮಾತು ಅದೇ. ಅತ್ತೆ ನಕ್ಕು, “ಹೌದಮ್ಮ, ಹೌದು” ಎಂದಳು.

ಇಲ್ಲಿ ಆ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಯಾರ ಹೆಣಿಗೆಯಲ್ಲಿ ತಪ್ಪು ಕಂಡರೂ ಅಲ್ಲಿ ಬಾಯಿ ಬಿಡುವಂತಿಲ್ಲ. ಅವರಿಲ್ಲದಾಗ ಸದ್ದಿಲ್ಲದೆ ತಿದ್ದಿಡಬೇಕು. ಅತ್ತೆ ಹೊಸ ಸೊಸೆಯಾಗಿ ಬಂದಾಗ ಅವಳು ಸೊಟ್ಟಗೆ ಹೆಣೆದ ಕಾಲುಚೀಲಗಳು ಮರುದಿನ ತಾವಾಗಿಯೇ ನೆಟ್ಟಗಾಗಿರುತ್ತಿದ್ದವು. ಎಷ್ಟೋ ಕಾಲ ಅವಳು ಅದನ್ನು ದೇವರ ಕೃಪೆ ಎಂದೇ ತಿಳಿದು ಕೈಮುಗಿದಿದ್ದಳು. ಅದು ತನ್ನ ಅತ್ತೆಯ ಕೃಪೆ ಎಂದು ತಿಳಿದ ಮೇಲೂ ಕೈಮುಗಿಯುವುದನ್ನು ಬಿಡಲಿಲ್ಲ. ಎರಡರ ನಡುವೆ ಬಹಳ ಅಂತರವೇನೂ ಅವಳಿಗೆ ಕಾಣಲಿಲ್ಲ.

ಹಾಗಾಗಿ ಸೊಸೆ ಕೆಲಸಕ್ಕೆ ಹೋದ ಹೊತ್ತಲ್ಲಿ ಅತ್ತೆ ಆ ಮಹಾಟೋಪಿಯನ್ನು ಪೂರ್ತಿ ಬಿಚ್ಚಿದಳು. ಸಣ್ಣ ಕಡ್ಡಿ ಹಿಡಿದು, ಗಂಡನ ತಲೆಗೆ ಹೇಳಿ ಮಾಡಿಸಿದ ಹಾಗೆ ಹೊಸದಾಗಿ ಹೆಣೆದಳು. ಗಂಡನ ತಲೆ ಅವಳಿಗೆ ಟೇಪಿಲ್ಲದೆ ಗೊತ್ತಿತ್ತು. ಅರ್ಧ ಉಣ್ಣೆ ಮಿಕ್ಕಿತು. ಅದನ್ನು ಸುತ್ತಿ ತನ್ನ ಪೆಟ್ಟಿಗೆಯಲ್ಲಿ ಅಡಗಿಸಿದಳು. “ನೂಲು ಉದುರಿ ವಾಷಿಂಗ್ ಮೆಷಿನ್ ಕೆಡತ್ತೆ, ದಿಂಬಿನ ಚೀಲದೊಳಗೆ ಕಟ್ಟಿ ಹಾಕ್ಬೇಕು ಅತ್ತೆ” ಎಂದು ಸೊಸೆ ಹೇಳಿದಾಗ, “ಕಟ್ಟೇ ಇಟ್ಟಿದೀನಿ ಕಣಮ್ಮ” ಎಂದು ಚೀಲವನ್ನೇ ಕೈಗಿತ್ತಳು. ಅವಳ ಲೆಕ್ಕದಲ್ಲಿ ಉಣ್ಣೆ ತೊಳೆಯುವುದೆಂದರೆ ತಣ್ಣೀರಲ್ಲಿ ಬೆರಳತುದಿಯಿಂದ, ಹಸುಗೂಸನ್ನು ಮೀಯಿಸಿದ ಹಾಗೆ.

ಆ ಮಂಜಿನ ಭಾನುವಾರ ಸೊಸೆ ಚೀಲವನ್ನು ಬಿಚ್ಚದೆ ಮೆಷಿನ್ನಿಗೆ ಹಾಕಿ, ಹಬೆಯಾಡುವ ನೀರು ಬಿಟ್ಟಳು. ಜೊತೆಗೆ ತಿಕ್ಕಾಟಕ್ಕೆಂದು ಗಂಡನ ಎರಡು ಜೀನ್ಸನ್ನೂ ಎಸೆದಳು. ಅತ್ತೆ ಹಬೆ ನೋಡಿ ಓಡಿಬಂದಳು.

“ಬಿಸಿನೀರಾ?”

“ಬಿಸಿ ಇಲ್ದೇ ಹೇಗೆ ಕುಗ್ಗತ್ತೆ ಅತ್ತೆ?”

“ಕುಗ್ಗ್... ಕುಗ್ಗ್ಬೇಕಾ?”

ಮೆಷಿನ್ ಗುಡುಗುಡು ಎನ್ನುತ್ತಿದ್ದಷ್ಟು ಹೊತ್ತೂ ಅತ್ತೆಯ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು. ಆದರೆ ಬಿಸಿನೀರಿಗೂ ಸೋಪಿಗೂ ದೇವರು ಒಮ್ಮೆ ಕೊಟ್ಟ ಮಾತನ್ನು ಯಾರ ಸಲುವಾಗಿಯೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಸೊಸೆ ಚೀಲ ಬಿಚ್ಚಿದಳು. ಒಳಗಿದ್ದದ್ದು ಚಹಾದ ಕೆಟಲ್ಲಿಗೆ ಸರಿಯಾದ ಟೋಪಿ. ಮಾವ ಅದನ್ನು ಬೋಳು ನೆತ್ತಿಯ ಮೇಲಿಟ್ಟುಕೊಂಡ. ಕುಂಬಳಕಾಯಿಗೆ ಬಾಟಲಿಯ ಮುಚ್ಚಳ ಇಟ್ಟ ಹಾಗೆ ಕೂತಿತು.

“ಅಪ್ಪ, ಅಲ್ಲಾಡ್ಬೇಡ, ಫೋಟೋ!” ಎಂದ ಬೀಗ ರಿಪೇರಿ ಮಾಡುವ ಮಗ. “ಗುಡ್ಡ ಅಗೆದು ಇಲಿ ಹಿಡಿದ್ಲು ನಿನ್ನ ಸೊಸೆ.”

“ಸುಮ್ನಿರೋ,” ಎಂದ ಮಾವ. ದನಿ ಸಣ್ಣದಾಗಿತ್ತು. “ಪರ್ವಾಗಿಲ್ಲ ಕಣಮ್ಮ. ಕಿಟಕಿ ಹಿಂದೆ ಕೂತ್ರೂ ಹೊಳೆ ಕಾಣತ್ತೆ, ಸ್ವಲ್ಪ.”

ಸೊಸೆಯ ಕಣ್ಣು ತುಂಬಿತು. “ನೀರು ಜಾಸ್ತಿ ಕಾಯ್ತಾ? ಸೋಪು ಹೆಚ್ಚಾಯ್ತಾ? ತುಣುಕಲ್ಲಿ ಸರಿಯಾಗೇ ಬಂದಿತ್ತಲ್ಲ! ಜೀನ್ಸ್ ಹಾಕಿದ್ದೇ ತಪ್ಪೇನೋ...”

“ಎಲ್ಲೆಲ್ಲೋ ಸುತ್ತಿ ತಪ್ಪು ಕೊನೆಗೆ ನನ್ನ ಪ್ಯಾಂಟ್ ಮೇಲೇ ಬರತ್ತೆ,” ಎಂದ ಮಗ.

“ಬಿಚ್ಚಿದ ಉಣ್ಣೆ ಸ್ವಲ್ಪ ಜಾಸ್ತಿ ಕುಗ್ಗತ್ತೋ ಏನೋ,” ಎಂದುಬಿಟ್ಟಳು ಅತ್ತೆ.

“ಬಿಚ್ಚಿದ್ಯಾರು?” ಎಂದ ಮಗ.

“ಯಾರೂ ಇಲ್ಲ! ನಾನ್ಯಾಕೆ ಬಿಚ್ಲಿ? ಸುಮ್ನೆ ಹೇಳ್ದೆ!” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅತ್ತೆ ಸೆರಗನ್ನು ಮುಟ್ಟಿಮುಟ್ಟಿ ನೋಡಿಕೊಂಡಳು. ಸೊಸೆಗೆ ಆ ಮಾತು ಕೇಳಿಸಲೇ ಇಲ್ಲ. ಅವಳು ಮಾವನ ಕಿವಿಗಳನ್ನೇ ನೋಡುತ್ತಿದ್ದಳು. ನೆತ್ತಿಗೆ ನೋವಿಲ್ಲ, ನೋವಿರುವುದು ಕಿವಿಗೆ. ಎದ್ದು ಕತ್ತರಿ ತಂದಳು.

“ಅಯ್ಯೋ, ಕತ್ತರಿ ಹಾಕ್ಬೇಡ್ವೇ! ಎಲ್ಲಾ ಬಿಚ್ಕೊಂಡು ಹೋಗತ್ತೆ!”

“ಫೆಲ್ಟ್ ಆದ್ಮೇಲೆ ಬಿಚ್ಚಲ್ಲ ಅತ್ತೆ, ನೋಡಿ.”

ಕರಕ್ಕೆಂದು ಟೋಪಿ ಎರಡು ಹೋಳಾಯಿತು. ಅತ್ತೆ ಕಣ್ಣು ಮುಚ್ಚಿದಳು. ತೆರೆದು ನೋಡಿದರೆ ಒಂದು ಎಳೆಯೂ ಅಲುಗಿರಲಿಲ್ಲ. ಸೊಸೆ ಮೂಲೆಗಳನ್ನು ದುಂಡಗೆ ಕತ್ತರಿಸಿ, ಒದ್ದೆಯಿರುವಾಗಲೇ ಎರಡು ಸೌಟುಗಳ ಬೆನ್ನಿಗೆ ಎಳೆದು ಕಟ್ಟಿ, ಒಲೆಯ ಪಕ್ಕ ನಿಲ್ಲಿಸಿದಳು. ಮಧ್ಯಾಹ್ನದ ಹೊತ್ತಿಗೆ ಒಣಗಿ ಬಟ್ಟಲಿನಂತಾದವು. ಮಾವ ಎರಡನ್ನೂ ಕಿವಿಗೆ ಒತ್ತಿಹಿಡಿದು, ಹಿತ್ತಲಿನ ಗಾಳಿಯಲ್ಲಿ ನಿಂತು ಬಂದ.

“ಊಟಕ್ಕೆ ಬನ್ನಿ,” ಎಂದಳು ಅತ್ತೆ.

“ಏನಂದೆ?” ಎಂದು ಮಾವ ಕೂಗಿದ. ಮುಖ ಅರಳಿತ್ತು. “ಏನೂ ಕೇಳ್ಸಲ್ಲ ಕಣೇ! ಗಾಳೀನೂ ಇಲ್ಲ, ನೀನೂ ಇಲ್ಲ!”

“ಇನ್ನು ತಲೆ ಸುತ್ತ ಬರೋ ಪಟ್ಟಿ ಒಂದು ಹೆಣೆದ್ರೆ ಆಯ್ತು,” ಎಂದಳು ಸೊಸೆ. ಮರುಕ್ಷಣವೇ ಬಾಡಿದಳು. “ಆದ್ರೆ ಉಣ್ಣೆ ಒಂದೆಳೇನೂ ಉಳಿದಿಲ್ಲ. ಅಂಗಡಿ ಇವತ್ತು ರಜಾ.”

“ನನ್ನ ಬೂಟಿನ ದಾರ ಇದೆ,” ಎಂದ ಮಗ.

“ಕೈಯಲ್ಲೇ ಹಿಡ್ಕೋತೀನಿ ಬಿಡಮ್ಮ,” ಎಂದ ಮಾವ.

“ಹುಟ್ಟು ಯಾರು ಹಿಡಿತಾರೆ ಮಾವ?”

ಒಳಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಅತ್ತೆ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ಬಂದು, ಗಂಡನನ್ನೂ ಮಗನನ್ನೂ ನೋಡದೆ, ಸೊಸೆಯ ಪಕ್ಕ ಕೂತಳು. ಬೂದು ಉಣ್ಣೆಯ ದೊಡ್ಡ ಉಂಡೆ. ಹೆಣೆದು ಬಿಚ್ಚಿದ ಉಣ್ಣೆ ತಾನು ಹಿಂದೆ ಏನಾಗಿತ್ತೆಂಬುದನ್ನು ಮರೆಯುವುದಿಲ್ಲ. ಎಳೆಎಳೆಯೂ ಸುರುಳಿ ಸುರುಳಿಯಾಗಿತ್ತು. ಸೊಸೆ ಆ ಸುರುಳಿಗಳನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ನಗು ಬಂತು, ತಡೆದುಕೊಂಡಳು. ಆ ಮನೆಯಲ್ಲಿ ತಪ್ಪಿಗೆ ಬಾಯಿ ಬಿಡುವಂತಿಲ್ಲ. ಸುಮ್ಮನೆ ಮಡಿಲೊಡ್ಡಿದಳು.

ಅತ್ತೆ ಉಂಡೆಯನ್ನು ಅದರಲ್ಲಿ ಮೆಲ್ಲಗೆ ಇಟ್ಟಳು.