ಉಡಿ ತುಂಬಿ ಕೊಟ್ಟ ಸೀಟು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಿನಿಂದ ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದ ಸಪ್ಪಳಕ್ಕಿಂತ ಸಲಹೆಯ ಸಪ್ಪಳವೇ ಜೋರಾಗಿತ್ತು. ಒಬ್ಬರು, "ಸೈನ್ಸ್ ಕೊಡಸ್ರಿ" ಅನ್ನುವರು. ಇನ್ನೊಬ್ಬರು, "ಕಾಮರ್ಸ್ ಹಚ್ರಿ, ಬ್ಯಾಂಕಿನ್ಯಾಗ ಫ್ಯಾನಿನ ತೆಳಗ ಕುಂದರ್ತಾಳ" ಅನ್ನುವರು. ಮತ್ತೊಬ್ಬರು, "ಹೆಣ್ಣಿಗೆ ಇಷ್ಟ ಸಾಲಿ ಸಾಕಲ್ಲ" ಎಂದು ಮೆಲ್ಲಗೆ ಮದುವೆಯ ಮಾತು ತೆಗೆಯುವರು. ನೇಕಾರ ಭೀಮಪ್ಪನ ಮಗಳು ಪ್ರೀತಿ ಒಳ್ಳೆಯ ಅಂಕ ತೆಗೆದು ಪಾಸಾಗಿದ್ದಳು. ಮುಂದೇನು ಎಂದು ಎಲ್ಲರೂ ಅವಳ ಅಪ್ಪನನ್ನು ಕೇಳಿದರು, ಅವ್ವನನ್ನು ಕೇಳಿದರು. ಪ್ರೀತಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಅವಳ ತಾಯಿ ಭಾಗವ್ವ ಬಲು ಸಂಶಯದ ಹೆಣ್ಣುಮಗಳು. ಹಾಲಿನವನು ಹಾಲು ಸುರಿದರೆ ಬೆರಳದ್ದಿ ನೋಡುವಳು. ಸಂತೆಯಲ್ಲಿ ತಕ್ಕಡಿ ನೆಟ್ಟಗೆ ನಿಂತ ಮೇಲೂ ಬಗ್ಗಿ ಅದರ ಕೆಳಗೆ ಇಣುಕುವಳು. ಇಂಥ ಭಾಗವ್ವನ ಮನೆಗೆ ಒಂದು ಶುಕ್ರವಾರ ಪರಮಾನಂದ ಎಂಬಾತ ಹೆಂಡತಿಯನ್ನು ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆ ತುಂಬ ವಿಭೂತಿ.

"ನಾವು ನಿಮ್ಮ ತವರೂರ ತೇರದಾಳದಾವ್ರರಿ ಅಕ್ಕಾರ. ನಿಮ್ಮ ಅಣ್ಣಾರು ನಮಗ ಭಾಳ ಬೇಕಾದವ್ರು," ಎಂದ. ಅವನದು ದೂರದ ಪಟ್ಟಣದಲ್ಲಿ ನರ್ಸಿಂಗ್ ಕಲಿಸುವ ಸಂಸ್ಥೆಯಂತೆ. "ಹತ್ತನೇತ್ತೆ ಆದ್ರ ಸಾಕ್ರಿ. ಎರಡ ವರ್ಷದಾಗ ನರ್ಸ್. ನೌಕರಿ ಗ್ಯಾರಂಟಿ."

ಭೀಮಪ್ಪ ಮೊದಲು ರೊಕ್ಕದ ಮಾತು ಎತ್ತಿದ. ಪರಮಾನಂದ ಕಿವಿ ಮುಟ್ಟಿಕೊಂಡ. "ಬಿಡ್ರಿ ಮಾವಾರ, ತವರ ಮನಿಯವ್ರ ಕಡೆ ರೊಕ್ಕದ ಮಾತ ಆಡೂದೇನು? ಮೊದಲ ಸೀಟ್ ಹಿಡಿಯೂಣು. ಅಂಕಪಟ್ಟಿ ಒಂದು, ಟಿಸಿ ಒಂದು ಕೊಡ್ರಿ, ಅಷ್ಟ ಸಾಕು. ನಕಲು ಬ್ಯಾಡ್ರಿ, ಅಸಲ ಬೇಕು."

ಭಾಗವ್ವ ಏನಾದರೂ ಕೇಳುವ ಮೊದಲೇ ಅವನ ಹೆಂಡತಿ ಅವಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಅರಿಶಿನಕೊಂಬು, ಎಲೆ ಅಡಿಕೆ, ಮೇಲೊಂದು ಕೆಂಪು ಖಣ. ಸೆರಗು ಒಡ್ಡಿ ಉಡಿ ತುಂಬಿಸಿಕೊಂಡ ಮೇಲೆ ಆ ಮನೆಯವರ ಮಾತು ತೆಗೆದುಹಾಕುವುದು ಹೇಗೆ? ಆಮೇಲೆ ಕುಪ್ಪಸ ಹೊಲಿಸಲೆಂದು ಖಣ ಬಿಚ್ಚಿದಾಗ ಅದರ ಉದ್ದಕ್ಕೂ ಒಂದು ಬಿಳಿ ಗೆರೆ ಕಂಡಿತು. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಿಡಿದ ನೂಲಿನ, ಒಂದು ಎಳೆ ಕಡಿದದ್ದನ್ನು ನೋಡದೆ ಹಾಗೆಯೇ ನೇಯ್ದ ಬಟ್ಟೆ. ಬೇರೆ ಹೊತ್ತಿನಲ್ಲಾದರೆ ಭಾಗವ್ವ ಅಂಗಡಿಯವನ ಜಲ್ಮ ಜಾಲಾಡುತ್ತಿದ್ದಳು. 'ಉಡಿಯ ಖಣದಾಗ ಹುಳುಕ ಹುಡುಕಬಾರ್ದು' ಎಂದುಕೊಂಡು ಸುಮ್ಮನಾದಳು.

ಮುಂದಿನ ಶುಕ್ರವಾರ ಬಂದು ಅಂಕಪಟ್ಟಿ ಒಯ್ಯುತ್ತೇವೆಂದು ಹೇಳಿ ಅವರು ಹೋದರು.

ಅಂದಿನಿಂದ ಪ್ರೀತಿಯ ವರ್ತನೆ ಬದಲಾಯಿತು. ಮನೆಯಲ್ಲಿ ಮಾತಿಲ್ಲ. ಫೋನು ಬಂದರೆ ಎದ್ದು ಹಿತ್ತಲಿಗೆ ಹೋಗುವಳು. ಮಂಗಳವಾರ "ಗೆಳತಿ ಮನಿಗೆ ಹೋಗಿ ಬರ್ತೇನಿ" ಎಂದು ಹೋದವಳು ಹೊತ್ತು ಇಳಿದ ಮೇಲೆ ಬಂದಳು. ಬುಧವಾರ ನೆರೆಮನೆಯ ಯಲ್ಲವ್ವ ಕಟ್ಟೆಗೆ ಬಂದು ಕುಳಿತಳು.

"ಭಾಗವ್ವಾ, ಹೇಳಬಾರ್ದು ಅಂದ್ರೂ ಬಾಯಿ ಕೇಳವಲ್ದು. ನಿನ್ನ ಮಗಳನ್ನ ಜಮಖಂಡಿ ಬಸ್‌ಸ್ಟ್ಯಾಂಡಿನ್ಯಾಗ ನೋಡ್ದೆ ಬೇ. ಬೀಳಗಿ ಬಸ್ ಹತ್ತಾಕತ್ತಿದ್ಲು."

"ಬೀಳಗ್ಯಾಗ ನಮಗ್ಯಾರ ಅದಾರ? ಯಾರ ಜೋಡಿ ಇದ್ಲು?"

"ಜೋಡಿ ಯಾರೂ ಇದ್ದಿಲ್ಲ. ಕಿವಿಗೆ ಫೋನ್ ಇತ್ತು. ನಗಾಕತ್ತಿದ್ಲು."

"ನಗಾಕತ್ತಿದ್ಲಾ?"

"ಹೂಂ. ಹಲ್ಲ ಕಾಣೂವಂಗ."

ಭಾಗವ್ವನಿಗೆ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ಸೀಟು ನಿಕ್ಕಿಯಾಗಿದೆ, ಮಾತು ಕೊಟ್ಟಾಗಿದೆ, ಈಗ ಹುಡುಗಿ ಯಾರದೋ ಬೆನ್ನು ಹತ್ತಿದ್ದಾಳೆ! ಗಂಡನಿಗೆ ಹೇಳಲಿಲ್ಲ. ಗುರುವಾರ ಪ್ರೀತಿ ಹೊಸ್ತಿಲು ದಾಟಿದ್ದೇ ತಡ, ಆಧಾರ್ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗನ್ನು ಮೂಗಿನ ತನಕ ಎಳೆದುಕೊಂಡು ತಾನೂ ಹೊರಟಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದದ್ದರಿಂದ ಬೆನ್ನು ಹತ್ತುವ ತಾಯಂದಿರಿಗೂ ಅನುಕೂಲವೇ ಆಗಿದೆ.

ಜಮಖಂಡಿಯಲ್ಲಿ ಬಸ್ಸು ಬದಲಾಯಿತು. ಮಗಳು ಮುಂದೆ, ತಾಯಿ ಹಿಂದಿನ ಬಾಗಿಲ ಹತ್ತಿರ.

"ಎಲ್ಲಿಗ್ರಿ ಅಕ್ಕಾರ?" ಎಂದ ಕಂಡಕ್ಟರ್.

"ಅಕಿ ಎಲ್ಲಿ ಇಳೀತಾಳ, ಅಲ್ಲಿಗೆ."

"ಯಾರ್ರಿ ಅಕಿ?"

"ಸಣ್ಣಾಗಿ ಮಾತಾಡೋ ತಮ್ಮಾ!"

ಕಂಡಕ್ಟರ್ ತಲೆ ಕೆರೆದುಕೊಂಡು ಬೀಳಗಿಯ ಚೀಟಿ ಹರಿದುಕೊಟ್ಟ. ಆದರೆ ಪ್ರೀತಿ ಇಳಿದದ್ದು ಬಾಡಗಂಡಿಯಲ್ಲಿ. ಕಬ್ಬು ನುರಿಸುವ ಹಂಗಾಮು ಮುಗಿದು ಕಾರ್ಖಾನೆಯ ಕಡೆ ಸದ್ದಿರಲಿಲ್ಲ. ರಸ್ತೆಯಲ್ಲಿ ಜನ ಕಡಿಮೆ. ಭಾಗವ್ವ ಒಮ್ಮೆ ಬೇವಿನ ಮರದ ಹಿಂದೆ, ಒಮ್ಮೆ ನಿಂತ ಟ್ರ್ಯಾಕ್ಟರಿನ ಹಿಂದೆ ಅಡಗುತ್ತ ಮಗಳ ಹಿಂದೆ ಹೋದಳು. ಪ್ರೀತಿ ತಗಡು ಹೊದಿಸಿದ ಒಂದು ಪತ್ರಾಸಿನ ಮನೆಯ ಅಂಗಳಕ್ಕೆ ಹೋಗಿ, ಹೆಚ್ಚು ಕಡಿಮೆ ತನ್ನದೇ ವಾರಿಗೆಯ ಒಬ್ಬ ಹುಡುಗಿಯ ಪಕ್ಕ ಕುಳಿತಳು.

ಹುಡುಗಿಯೇ. ಹುಡುಗ ಎಲ್ಲಿ? ಭಾಗವ್ವ ಸೀದಾ ಅಂಗಳಕ್ಕೆ ನುಗ್ಗಿದಳು. ಕದದ ಹಿಂದೆ ನೋಡಿದಳು. ದನದ ಕೊಟ್ಟಿಗೆಯಲ್ಲಿ ಇಣುಕಿದಳು. ಬಟ್ಟೆ ಒಗೆಯುತ್ತಿದ್ದ ಮನೆಯೊಡತಿ ಮಾದೇವಿ ಗಾಬರಿಯಾಗಿ ಎದ್ದು ನಿಂತಳು.

"ಯಾರ್ರಿ ಯವ್ವಾ? ಏನ್ ಕಳ್ಕೊಂಡೀರಿ?"

"ಅಂವ ಎಲ್ಲ್ಯಾನ?"

"ಯಾಂವರಿ?"

"ಯವ್ವಾ! ನೀ ಇಲ್ಲಿ ಹೆಂಗ ಬಂದಿ?" ಪ್ರೀತಿ ಚೀರಿದಳು.

ಭಾಗವ್ವನ ಕಣ್ಣು ಮಾದೇವಿ ತೊಟ್ಟ ಕುಪ್ಪಸಕ್ಕೆ ನಾಟಿತ್ತು. ಅದೇ ಕೆಂಪು ಖಣ. ತೋಳಿನ ಮೇಲೆ ಉದ್ದಕ್ಕೆ ಅದೇ ಬಿಳಿ ಗೆರೆ. ನೇಕಾರರ ಮನೆಯವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಸಿನ ಎಳೆ ಕಡಿದರೆ ಆ ಗೆರೆ ಒಂದೇ ಹಾಸಿನಲ್ಲಿ ನೇಯ್ದ ಇಡೀ ಥಾನಿನ ತುಂಬ ಓಡುತ್ತದೆ. ಎರಡೂ ಖಣ ಒಂದೇ ಥಾನಿನಲ್ಲಿ ಕತ್ತರಿಸಿದವು.

"ಈ ಖಣ ನಿಮಗ್ಯಾರ ಕೊಟ್ರು?"

"ಉಡಿ ತುಂಬಿದ್ದರಿ. ನರ್ಸಿಂಗ್ ಸಂಸ್ಥೆಯವ್ರು. ನಮ್ಮ ತವರ ಮಂದಿ ಅಂತ ಹೇಳ್ಕೊಂಡು ಬಂದಿದ್ರು, ಎರಡ ವರ್ಷದ ಹಿಂದ."

"ನಿಮ್ಮ ತವರು ಯಾವುದು?"

"ಮುಧೋಳ್ರಿ."

"ನನಗ ತೇರದಾಳ ಅಂದ್ರು," ಎಂದು ಭಾಗವ್ವ ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ಮಾದೇವಿ ಹಿಂದೆ ಮುಂದೆ ನೋಡಿ, "ನಮ್ಮ ಮನ್ಯಾಗ ನೀರು ಕುಡೀತೀರೇನ್ರಿ?" ಎಂದಳು. ಭಾಗವ್ವ ಕೈ ಚಾಚಿ ತಂಬಿಗೆ ಇಸಿದುಕೊಂಡು ಗಟಗಟ ಕುಡಿದಳು.

ಮಾದೇವಿಯ ಮಗಳು ರೇಷ್ಮಾ ನಡೆದದ್ದನ್ನು ಹೇಳಿದಳು. "ಒಂದ ವರ್ಷ ಅಲ್ಲಿ ಇದ್ದೆರಿ. ಎರಡು ಖೋಲಿ, ಒಂದು ಬೋರ್ಡು. ಒಂದ ದಿನನೂ ದವಾಖಾನಿ ಮೆಟ್ಟಲ ಹತ್ತಿಸಲಿಲ್ಲ. ಅಂಕಪಟ್ಟಿ ಅವರ ಕಡೆ ಸಿಕ್ಕೊಂಡ ಮ್ಯಾಲ ಒಂದೊಂದ ಹೆಸರು ಹೇಳಿ ರೊಕ್ಕ ಕೇಳಾಕ ಚಾಲೂ ಮಾಡಿದ್ರು. ಬಿಟ್ಟು ಹೋಗ್ತೇನಿ ಅಂದ್ರ ಅಂಕಪಟ್ಟಿ ಕೊಡವಲ್ರು."

"ಮತ್ತ ನರ್ಸ್?"

"ಎಲ್ಲೀ ನರ್ಸ್ ರಿ? ನರ್ಸ್ ಆಗಾಕ ಮೊದಲ ಪಿಯುಸಿ ಆಗಬೇಕು. ಕಲಿಸೂ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತಾ ಇರಬೇಕು. ಇದನ್ನ ನಮ್ಮ ಸಾಲಿ ಹೆಡ್‌ಮಾಸ್ತರ ಹೇಳಿದ್ರು. ಸೇರೂ ಮೊದಲ ಅವರನ್ನ ಕೇಳಿದ್ರ ಒಂದ ವರ್ಷ ಉಳೀತಿತ್ತು. ಕಡೀಕೆ ಅವರ ಕೈಲೇ ಪರೀಕ್ಷಾ ಬೋರ್ಡಿಗೆ ಬರಿಸಿ ಎರಡನೇ ಅಂಕಪಟ್ಟಿ ತರಿಸ್ಕೊಂಡೆ. ಈಗ ಸರಕಾರಿ ಐಟಿಐದಾಗ ಎಲೆಕ್ಟ್ರಿಷಿಯನ್ ಕಲ್ಯಾಕತ್ತೇನಿ."

ಭಾಗವ್ವ ಮಗಳತ್ತ ತಿರುಗಿದಳು. "ನಿನಗ ಈ ಹುಡುಗಿ ಹೆಂಗ ಗೊತ್ತಾದ್ಲು?"

"ನಮ್ಮ ಕಡೆಯವರು ಅಲ್ಲಿ ಯಾರ ಕಲ್ಯಾಕತ್ತಾರ ಅಂತ ಆ ಉಡಿ ತುಂಬಿದ ಬಾಯಾರನ್ನ ಕೇಳಿದ್ನಿ. ಬಾಡಗಂಡಿ ರೇಷ್ಮಾ ಅಂದ್ರು. ಇಲ್ಲಿ ತನಕಾ ಬಂದು ಯಾರ ಕೇಳ್ತಾರ ಅಂತ ತಿಳ್ಕೊಂಡಿರಬೇಕು. ಗೆಳತಿಗೆ ಫೋನ್ ಹಚ್ಚಿ ಹಾದಿ ಕೇಳ್ಕೋತ, ನಕ್ಕೋತ ಮಂಗಳವಾರ ಬಂದ್ರ ಈಕಿ ಸಿಗಲಿಲ್ಲ, ಈಕಿ ಫೋನ್ ನಂಬರ್ ಸಿಕ್ತು."

"ನನಗ ಯಾಕ ಹೇಳಲಿಲ್ಲಲೇ?"

"ಹೇಳಿದ್ರ ನಂಬ್ತಿದ್ದೇನು? ಹಾಲಿನಾಂವನ ಮ್ಯಾಲ ಸಂಶಯ, ಸಂತ್ಯಾಗಿನಾವ್ರ ಮ್ಯಾಲ ಸಂಶಯ, ನನ್ನ ಮ್ಯಾಲಂತೂ ಕೇಳಬ್ಯಾಡ. ಉಡಿ ತುಂಬಿದಾಕಿ ಮ್ಯಾಲ ಮಾತ್ರ ನಿನಗ ಸಂಶಯ ಬರಲಿಲ್ಲ."

ಮಾತು ನೆಟ್ಟಗೆ ಬಂದು ತಾಗಿತು. ಭಾಗವ್ವ ಮಗಳ ಹತ್ತಿರ ಸರಿದು ಕುಳಿತಳು. ಆಮೇಲೆ, ಫಲಿತಾಂಶ ಬಂದಾಗಿನಿಂದ ಯಾರೂ ಕೇಳದ ಪ್ರಶ್ನೆ ಕೇಳಿದಳು.

"ನಿನಗ ಏನಾಗಬೇಕಂತ ಐತಿ?"

"ನನಗೂ ಕರೆಂಟಿನ ಕೆಲಸ ಕಲೀಬೇಕಂತೈತಿ. ಡಿಪ್ಲೊಮಾ ಮಾಡಬೇಕೋ ಐಟಿಐ ಮಾಡಬೇಕೋ, ಅದ ತಿಳಿದಿಲ್ಲ. ಎರಡೂ ನೋಡಿ ಬರ್ಬೇಕು."

"ಹುಡುಗ್ಯಾಗಿ ಕಂಬಾ ಹತ್ತಾಕಿಯೇನ?"

ರೇಷ್ಮಾ ಬಾಯಿ ಮುಚ್ಚಿಕೊಂಡು ನಕ್ಕಳು. "ಬರೇ ಕಂಬಾ ಅಲ್ಲರಿ. ಮೋಟಾರು, ವೈರಿಂಗು, ಕಾರ್ಖಾನಿ ಪ್ಯಾನೆಲ್ಲು, ಸೋಲಾರು. ನಮ್ಮ ಬ್ಯಾಚಿನ್ಯಾಗ ಹುಡುಗ್ಯಾರು ಅದಾರ. ಖರೇ ಅನಸದಿದ್ರ ಬಂದ ನೋಡ್ರಿ."

"ಬಂದ ನೋಡ್ತೇನಿ," ಎಂದಳು ಭಾಗವ್ವ, ಮುಖ ಗಂಟು ಹಾಕಿಕೊಂಡೇ.

ಮರುದಿನ ಶುಕ್ರವಾರ. ಪರಮಾನಂದ ಗಂಡಹೆಂಡತಿ ನಗುತ್ತ ಬಂದರು. ಭಾಗವ್ವ ಚಾಪೆ ಹಾಸಿದಳು, ಚಹಾ ಕೊಟ್ಟಳು.

"ಅಂಕಪಟ್ಟಿ ಕೊಡ್ರಿ ಅಕ್ಕಾರ, ಸೀಟ್ ಭಾಳ ಉಳದಿಲ್ಲ."

"ಕೊಡೂಣಂತ. ತೇರದಾಳದಾಗ ನಮ್ಮ ಅಣ್ಣನ ಮನಿ ಎಲ್ಲಿ ಬರ್ತೈತಿ?"

ಪರಮಾನಂದ ಚಹಾ ಊದತೊಡಗಿದ. "ಅದರೀ... ಬಸ್‌ಸ್ಟ್ಯಾಂಡ್ ಕಡೆ..."

"ಆತು, ಅದು ಬಿಡ್ರಿ. ನಿಮ್ಮ ಸಂಸ್ಥೆಗೆ ಮಾನ್ಯತಾ ಕೊಟ್ಟವ್ರು ಯಾರು?"

"ದೊಡ್ಡ ದೊಡ್ಡವ್ರದೆಲ್ಲ ಐತ್ರಿ."

"ದೊಡ್ಡವ್ರಿಗೆ ಹೆಸರ ಇರ್ತಾವಲ್ಲ? ಮಕ್ಕಳು ಯಾವ ದವಾಖಾನ್ಯಾಗ ಕೆಲಸ ಕಲೀತಾರ? ಹೇಳ್ರಿ, ನಾಳೆ ಹೋಗಿ ನೋಡಿ ಬರ್ತೇನಿ. ಬಸ್ ಪುಕ್ಕಟ ಐತಿ ನನಗ."

ಒಳಗೆ ಓಡುತ್ತಿದ್ದ ಮಗ್ಗ ಗಕ್ಕನೆ ನಿಂತಿತು. ಭೀಮಪ್ಪ ಬಾಗಿಲಿಗೆ ಬಂದು ನಿಂತ. ಪರಮಾನಂದನ ಹೆಂಡತಿ ಮುಖ ಸಣ್ಣದು ಮಾಡಿಕೊಂಡಳು. "ಇದೇನ್ರಿ ವೈನಿ, ಸೆರಗೊಡ್ಡಿ ಉಡಿ ತುಂಬಿಸ್ಕೊಂಡೀರಿ. ಈಗ ಹಿಂಗ ಮಾತಾಡಬಾರ್ದು."

"ನೀವ ಉಡಿ ತುಂಬಿದ್ದು ನನಗ," ಎಂದಳು ಭಾಗವ್ವ. "ಕಾಯಿ ಒಡದ ಉಂಡೇವಿ, ಖಣಾ ಹೊಲಿಸೇನಿ. ನನ್ನ ಮಗಳ ಸಾಲಿ ಮಾತ್ರ ಆ ಉಡ್ಯಾಗ ಬಂದಿಲ್ಲ."

ಚಹಾ ಅರ್ಧಕ್ಕೇ ಬಿಟ್ಟು ಗಂಡಹೆಂಡತಿ ಮೋಟಾರ್‌ಸೈಕಲ್ ಹತ್ತಿದರು. ಭಾಗವ್ವ ಓಣಿಗೇ ಇಳಿದು ಕೂಗಿದಳು: "ಯಲ್ಲವ್ವಾ, ನಿನ್ನ ಮಗಳ ಅಂಕಪಟ್ಟಿ ಒಳಗಿಡ!"

"ಯಾಕ ಬೇ? ನನಗೂ ಉಡಿ ತುಂಬಿ ಹೋಗ್ಯಾರಲ್ಲ, ತವರ ಮಂದಿ!" ಎಂದು ಯಲ್ಲವ್ವ ಓಡಿ ಬಂದಳು.

ಆ ದಿನವೇ ಭೀಮಪ್ಪ ಓಣಿಯ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಹೋಗಿ ಶಾಲೆಯ ಹೆಡ್‌ಮಾಸ್ತರರಿಗೂ ಪೊಲೀಸ್ ಠಾಣೆಗೂ ವಿಷಯ ತಿಳಿಸಿದ. ಮನೆಗೆ ತಿರುಗಿ ಬಂದ ಮೇಲೆ ಮಗಳ ಆಸೆಯ ಮಾತು ಕೇಳಿ, "ಕಲೀಲಿ ಬಿಡು," ಎಂದ. "ಮಗ್ಗದ ಮೋಟಾರ ಸುಟ್ಟಾಗ ಮಿಸ್ತ್ರಿ ಹಾದಿ ಕಾಯ್ದು ಕಾಯ್ದು ನನಗ ಸಾಕಾಗೇತಿ."

ಭಾಗವ್ವ ಮಾತ್ರ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಪ್ರೀತಿಯನ್ನು ಕರೆದುಕೊಂಡು ಮೊದಲು ಪಾಲಿಟೆಕ್ನಿಕ್‌ಗೆ ಹೋದಳು, ಆಮೇಲೆ ರೇಷ್ಮಾ ಕಲಿಯುವ ಐಟಿಐಗೆ. ಹುಡುಗಿಯರ ಶೌಚಾಲಯದ ಚಿಲಕ ಹಾಕಿ ತೆಗೆದು ನೋಡಿದಳು. ಪಾಠ ಹೇಳುವವರೊಬ್ಬರನ್ನು ತಡೆದು ನಿಲ್ಲಿಸಿ, "ಇಲ್ಲಿ ಕಲತು ನೌಕರಿ ಹಿಡದ ಹುಡುಗಿ ಒಬ್ಬಾಕಿನ ಮಾತಾಡಿಸಿಕೊಡ್ರಿ" ಎಂದಳು. ಪ್ರೀತಿ ನಾಚಿಕೆಯಿಂದ ನೆಲ ನೋಡುತ್ತ ನಿಂತಳು. ಅವರು ಸಿಟ್ಟಾಗಲಿಲ್ಲ. "ಎಲ್ಲಾ ತಾಯಂದ್ರೂ ಹಿಂಗ ಕೇಳಬೇಕ್ರಿ," ಎಂದು ಹಳೆಯ ವಿದ್ಯಾರ್ಥಿನಿಗೆ ಫೋನು ಹಚ್ಚಿ ಕೊಟ್ಟರು. ಭಾಗವ್ವ ಅವಳೊಡನೆ ಮಾತಾಡಿದ್ದು ಎಷ್ಟು ಹೊತ್ತೆಂದರೆ, ಕೊನೆಗೆ ಅವರೇ ಫೋನು ಇಸಿದುಕೊಳ್ಳಬೇಕಾಯಿತು. ಎರಡನ್ನೂ ನೋಡಿದ ಮೇಲೆ ಪ್ರೀತಿ ಡಿಪ್ಲೊಮಾ ಆರಿಸಿಕೊಂಡಳು. ಆರಿಸಿದವಳು ಅವಳೇ.

ಓದುವ, ಕೇಳುವ ಅವ್ವಂದಿರೇ, ಅಪ್ಪಂದಿರೇ, ಸಂಶಯ ಬಿಡಿ ಎಂದು ಈ ಕಥೆ ಹೇಳುವುದಿಲ್ಲ. ಸಂಶಯ ಪಡಿರಿ, ಆದರೆ ಪಡಬೇಕಾದ ಕಡೆ ಪಡಿರಿ. ಮನೆ ಬಾಗಿಲಿಗೆ ಬಂದು ಸೀಟು ಕೊಡುವವರನ್ನು ಹತ್ತು ಪ್ರಶ್ನೆ ಕೇಳಿರಿ. ಮಾನ್ಯತೆ ಇದೆಯೇ ಎಂದು ಮಕ್ಕಳ ಶಾಲೆಯ ಮಾಸ್ತರರನ್ನು, ಶಿಕ್ಷಣ ಇಲಾಖೆಯ ಕಚೇರಿಯನ್ನು ಕೇಳಿರಿ. ಅಲ್ಲಿ ಕಲಿತ ಮಕ್ಕಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿರಿ. ಗೊತ್ತು ಮಾಡಿಕೊಳ್ಳುವ ತನಕ ಅಸಲು ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿರಿ. ಪಿಯುಸಿ, ಐಟಿಐ, ಡಿಪ್ಲೊಮಾ, ಹಾದಿಗಳು ಹಲವು ಇವೆ. ಯಾವ ಹಾದಿ ಎಂದು ಮೊದಲು ನಿಮ್ಮ ಮಗಳನ್ನು ಕೇಳಿರಿ, ನಿಮ್ಮ ಮಗನನ್ನು ಕೇಳಿರಿ. ಕೇಳಿದ ಮೇಲೆ ಸೆರಗು ಮರೆ ಮಾಡಿಕೊಂಡು ಅವರ ಬೆನ್ನು ಹತ್ತಬೇಡಿರಿ. ಒಂದೇ ಸೀಟಿನಲ್ಲಿ ಪಕ್ಕ ಕುಳಿತು, ಜೊತೆಗೆ ಹೋಗಿ ನೋಡಿ ಬನ್ನಿರಿ.